ಬಿದರಿಯನ್ನು ಶೋಕೇಸಿನಿಂದ ಕೆಳಗಿಳಿಸೋಣ

ನಮ್ಮ ಕಡೆಯ ಬಹುಪಾಲು ಮನೆಗಳಿಗೆ ಬಿದರಿ ಬಂದು ಸೇರುವುದು ಸನ್ಮಾನದ ದಾರಿಯಲ್ಲಿ. ನಿವೃತ್ತಿಯ ದಿನವೋ, ಸಮ್ಮೇಳನದ ಸಮಾರೋಪದಲ್ಲೋ, ಶಾಲೆಯ ಸುವರ್ಣ ಮಹೋತ್ಸವದಲ್ಲೋ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿಯ ಜೊತೆಗೆ ಒಂದು ಮಖಮಲ್ಲಿನ ಪೆಟ್ಟಿಗೆ ಕೈಗಿಡುತ್ತಾರೆ. ಒಳಗೆ ಕಪ್ಪು ತಟ್ಟೆ ಅಥವಾ ಗೇಣುದ್ದದ ಹೂದಾನಿ, ಮೈಮೇಲೆ ಬೆಳ್ಳಿಯ ಬಳ್ಳಿ. ಮನೆಗೆ ಬಂದ ಮೇಲೆ ಅದು ಗಾಜಿನ ಶೋಕೇಸಿನಲ್ಲಿ ಕೂರುತ್ತದೆ. ಹಬ್ಬಕ್ಕೊಮ್ಮೆ ಧೂಳು ಒರೆಸಿದರೆ ಹೆಚ್ಚು. ಪೆಟ್ಟಿಗೆಯ ಮೇಲೆ ಕೊಟ್ಟ ಸಂಸ್ಥೆಯ ಹೆಸರು ದಪ್ಪಕ್ಷರದಲ್ಲಿರುತ್ತದೆ. ಮಾಡಿದವರ ಹೆಸರು ಎಲ್ಲೂ ಇರುವುದಿಲ್ಲ.

ಬೆಂಗಳೂರಿನ ಎಂಪೋರಿಯಂಗಳಲ್ಲಿ ಬಿದರಿಯನ್ನು ಎಷ್ಟೋ ಸಲ ನೋಡಿದ್ದೆ. ಚೆನ್ನಾಗಿದೆ ಅನ್ನಿಸುತ್ತಿತ್ತು, ಮುಂದೆ ಹೋಗುತ್ತಿದ್ದೆ. ಬೀದರಿಗೆ ಕೆಲಸದ ಮೇಲೆ ಹೋಗುವ ಅವಕಾಶ ಸಿಕ್ಕಾಗ ಮಾತ್ರ, ಊರಿನ ಹೆಸರನ್ನೇ ಹೊತ್ತ ಈ ವಸ್ತು ಆ ಊರಿನಲ್ಲಿ ಎಲ್ಲಿ ಹುಟ್ಟುತ್ತದೆ, ಯಾರ ಕೈಯಲ್ಲಿ ಹುಟ್ಟುತ್ತದೆ ಎಂದು ನೋಡಲೇಬೇಕು ಅನ್ನಿಸಿತು. ಕೋಟೆ, ಮಹಮೂದ್ ಗವಾನನ ಮದರಸಾ, ಅಷ್ಟೂರಿನ ಗೋರಿಗಳನ್ನು ನೋಡಲು ಬರುವವರಿಗೆ ದಾರಿ ತೋರುವ ಫಲಕಗಳಿವೆ. ಬಿದರಿ ಕೆಲಸದವರ ಓಣಿಗೆ ಕಿವಿಯೇ ದಾರಿ. ಚೌಬಾರಾ ಎಂಬ ದುಂಡು ಕಾವಲು ಗೋಪುರದ ಸುತ್ತಲಿನ ಹಳೇ ಊರಿನಲ್ಲಿ ಬೆಳಗಿನ ಹೊತ್ತು ನಡೆದರೆ, ಆಟೊಗಳ ಗದ್ದಲ ಸ್ವಲ್ಪ ಕಡಿಮೆಯಾದ ಕಡೆ, ಸಣ್ಣ ಸುತ್ತಿಗೆ ಉಳಿಯ ಮೇಲೆ ಬೀಳುವ ಟಕ್ ಟಕ್ ಕೇಳಿಸುತ್ತದೆ. ಒಂದೇ ಲಯ, ನಡುವೆ ಚೂರು ಬಿಡುವು, ಮತ್ತೆ ಅದೇ ಲಯ. ಬಿಡುವು ಬಂದಾಗ ಉಳಿ ತಿರುವು ತೆಗೆದುಕೊಂಡಿದೆ ಎಂದು ಅರ್ಥ. ಇದು ನನಗೆ ತಿಳಿದದ್ದು ಆಮೇಲೆ.

ನಾನು ಹೊಸ್ತಿಲಲ್ಲಿ ನಿಂತ ಅಂಗಡಿ ತೀರಾ ಚಿಕ್ಕದು. ಮುಂದಿನ ಅರ್ಧ ಕಪಾಟು, ಹಿಂದಿನ ಅರ್ಧ ಕಾರ್ಖಾನೆ. ಒಳಗಿದ್ದ ಹುಡುಗರು ಹಿರಿಯರನ್ನು ಉಸ್ತಾದ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಏನು ಬೇಕು ಎಂದು ಅವರು ಕೇಳಲಿಲ್ಲ. ಕೆಲಸ ನೋಡಬಹುದೇ ಎಂದೆ. "ಬರ್ರಿ ಅಕ್ಕಾ, ಕೂಡ್ರಿ. ನೋಡ್ಲಕ್ ರೊಕ್ಕ ಇಲ್ರಿ," ಎಂದು ನಕ್ಕು ಸ್ಟೂಲು ಸರಿಸಿದರು. ಆಮೇಲೆ ಮಧ್ಯಾಹ್ನದ ಊಟದ ಹೊತ್ತಿನವರೆಗೂ ನಾನು ಅಲ್ಲಿಂದ ಏಳಲಿಲ್ಲ.

ಬಿದರಿಯ ಮೈ ಸತುವಿನದು, ಅದಕ್ಕೆ ಸ್ವಲ್ಪ ತಾಮ್ರ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಎಂಬುದು ರೂಢಿಯ ಲೆಕ್ಕ, ಕುಲುಮೆಯಿಂದ ಕುಲುಮೆಗೆ ಕೊಂಚ ಹೆಚ್ಚು ಕಡಿಮೆ ಇರುತ್ತದೆ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಭಾರೀ ಕುಲುಮೆ ಬೇಕಿಲ್ಲ. ಅಚ್ಚು ಮಾಡುವುದು ಮಣ್ಣಿನಲ್ಲಿ. ನುಣುಪಾಗಿ ಜರಡಿ ಹಿಡಿದ ಮಣ್ಣಿಗೆ ಹರಳೆಣ್ಣೆ ಮತ್ತು ರಾಳ ಸೇರಿಸಿ ಒತ್ತಿ ಒತ್ತಿ ಕೂರಿಸುತ್ತಾರೆ. ಹೂದಾನಿಯಂಥ ಟೊಳ್ಳು ವಸ್ತುವಾದರೆ ಭಾಗಗಳನ್ನು ಬೇರೆ ಬೇರೆಯಾಗಿ ಎರೆದು ಬೆಸೆಯುತ್ತಾರೆ. ಅಚ್ಚು ಒಡೆದಾಗ ಹೊರಬರುವುದು ಒರಟು ಮೈಯ, ಬೂದು ಬಣ್ಣದ ಒಂದು ಲೋಹದ ತುಂಡು. ಅದನ್ನು ನೋಡಿ ಇದರಲ್ಲಿ ಏನಿದೆ ಎಂದು ಯಾರಿಗೂ ಅನ್ನಿಸಬೇಕು. ಅರ ಹಾಕಿ, ಉಜ್ಜುಕಾಗದದಲ್ಲಿ ತಿಕ್ಕಿ ನಯ ಮಾಡುವ ಕೆಲಸ ಇಲ್ಲಿಂದ ಶುರು. ಈ ಹಂತದಲ್ಲಿ ಏಳುವ ಲೋಹದ ಪುಡಿ ಹುಡುಗರ ರೆಪ್ಪೆಯ ಮೇಲೂ ಕೂತಿತ್ತು. ಬಾಗಿಲು ತೆರೆದಿಡುವುದೇ ಗಾಳಿಯ ವ್ಯವಸ್ಥೆ.

ನಂತರ ಮೈಲುತುತ್ತದ ನೀರು ಸವರುತ್ತಾರೆ. ಬೂದು ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಈ ಕಪ್ಪು ಉಳಿಯುವಂಥದ್ದಲ್ಲ, ಗೀರಿದ ಗೆರೆ ಕಣ್ಣಿಗೆ ಕಾಣಲಿ ಎಂದು ಮಾಡಿಕೊಳ್ಳುವ ಹಲಗೆಯಷ್ಟೇ. ಉಸ್ತಾದರು ಮೊನಚಾದ ಉಕ್ಕಿನ ಕಡ್ಡಿ ಹಿಡಿದು ಹೂವು, ಎಲೆ, ಬಳ್ಳಿಗಳನ್ನು ಗೀರಿದರು. ಕೆಳಗೆ ಮಾದರಿಯ ಕಾಗದವಿಲ್ಲ. ದುಂಡು ಮೈಯ ಮೇಲೆ ಬಳ್ಳಿ ಸುತ್ತಿ ಬಂದು ಹೊರಟ ಜಾಗಕ್ಕೇ ಸರಿಯಾಗಿ ಕೂಡಿಕೊಳ್ಳಬೇಕು. ಕೂಡಿಕೊಂಡಿತು. ಅಳೆದದ್ದು ಎಲ್ಲಿ ಎಂದು ಕೇಳಿದರೆ ಹಣೆ ಮುಟ್ಟಿ ತೋರಿಸಿದರು.

ಕೆತ್ತುವಾಗ ವಸ್ತುವನ್ನು ಮೇಣದಿಂದ ಕಲ್ಲಿನ ಮೇಲೆ ಅಂಟಿಸಿಕೊಳ್ಳುತ್ತಾರೆ, ಅಲುಗಾಡದಿರಲಿ ಎಂದು. ಗೆರೆಯ ಗುಂಟ ಉಳಿ ಹೋಗುತ್ತದೆ. ಆ ಸೀಳಿನ ತಳ ಬಾಯಿಗಿಂತ ಚೂರು ಅಗಲ ಇರಬೇಕು. ಆಗಲೇ ಅದರೊಳಗೆ ಬಡಿದು ಕೂರಿಸಿದ ಬೆಳ್ಳಿ ಹೊರಗೆ ಜಾರುವುದಿಲ್ಲ. ಗೋಂದಿಲ್ಲ, ಬೆಸುಗೆಯಿಲ್ಲ, ಲೋಹವೇ ಲೋಹವನ್ನು ಕಚ್ಚಿ ಹಿಡಿಯುತ್ತದೆ. ತಂತಿ ಕೂರಿಸುವ ಕೆಲಸ ತಾರಕಶಿ. ಹೂವಿನ ಎಸಳಿನಂಥ ಅಗಲದ ಜಾಗಕ್ಕೆ ತೆಳು ತಗಡನ್ನು ಅದೇ ಆಕಾರಕ್ಕೆ ಕತ್ತರಿಸಿ ಕೂರಿಸುವುದು ತಹನಿಶಾನ್. ಬೆಳ್ಳಿಯನ್ನು ಮೈಗಿಂತ ಎತ್ತರಕ್ಕೆ ಉಬ್ಬಿಸುವ ಜರ್ಬುಲಂದ್ ಎಂಬ ಬಗೆಯೂ ಇದೆ. ಇನ್ನೊಂದು ಬಗೆಯಲ್ಲಿ ಎಲ್ಲವೂ ತಿರುವುಮುರುವು: ಮೈಯೆಲ್ಲ ಬೆಳ್ಳಿಯ ತಗಡು ಹೊದಿಸಿ, ಹೂಬಳ್ಳಿಯ ಜಾಗವನ್ನು ಕತ್ತರಿಸಿ ತೆಗೆದು, ಕಪ್ಪು ಹೂವು ಕಾಣುವಂತೆ ಮಾಡುತ್ತಾರೆ. ಅದರ ಹೆಸರು ಆಫ್ತಾಬಿ. ಪಾರಸಿಯಲ್ಲಿ ಆಫ್ತಾಬ್ ಎಂದರೆ ಸೂರ್ಯ.

ಬೆಳ್ಳಿ ಕೂರಿಸಿದ ಮೇಲೆ ಮತ್ತೆ ಅರ, ಮತ್ತೆ ಉಜ್ಜು. ಮೈಲುತುತ್ತದ ಕಪ್ಪು ಹೊರಟುಹೋಗುತ್ತದೆ. ಬೂದು ಸತುವೂ ಬಿಳಿ ಬೆಳ್ಳಿಯೂ ಒಂದೇ ಬಣ್ಣಕ್ಕೆ ತಿರುಗಿ, ಅಷ್ಟು ದಿನ ಕೂತು ಕೆತ್ತಿದ ಚಿತ್ತಾರ ಹೆಚ್ಚುಕಡಿಮೆ ಮಾಯವಾಗುತ್ತದೆ. ಕಪಾಟಿನ ಪಕ್ಕದ ತಟ್ಟೆಯಲ್ಲಿ ಇಂಥ ಮುಗಿಯದ ತುಂಡುಗಳು ಬಿದ್ದಿದ್ದವು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಒಳಗೆ ಹೂವಿರುವುದು ತಿಳಿಯುತ್ತಿತ್ತು. ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಇದೇ ತಟ್ಟೆ. ತಾನು ಮಾಡಿದ್ದು ಕಾಣದೆಯೇ ಕೊನೆಯವರೆಗೆ ನಂಬಿ ನಡೆಯುವ ಕೆಲಸ ಇದು. ತಪ್ಪಾಗಿದ್ದರೆ ಅದೂ ಕೊನೆಗೇ ಕಾಣುವುದು.

ಕೊನೆಯದು ಮಣ್ಣು. ಬೀದರಿನ ಕೋಟೆಯ ಮಣ್ಣು. ಹಳೆಯ ಕಟ್ಟಡಗಳ ಒಳಗೆ, ನೂರಾರು ವರ್ಷ ಬಿಸಿಲು ಮಳೆ ತಾಗದ ಮೂಲೆಯ ಮಣ್ಣೇ ಬೇಕು ಎನ್ನುತ್ತಾರೆ. ಹದ ನೋಡುವುದು ನಾಲಗೆಯಿಂದ. ಉಸ್ತಾದರು ಡಬ್ಬಿ ತೆರೆದು ಚಿಟಿಕೆ ಮಣ್ಣು ನಾಲಗೆಗೆ ಮುಟ್ಟಿಸಿ ತೋರಿಸಿದರು. ಈ ಮಣ್ಣಿಗೆ ನವಸಾಗರ ಬೆರೆಸಿ, ನೀರು ಹಾಕಿ ಕಾಯಿಸಿ, ಬಿಸಿ ಮಾಡಿದ ವಸ್ತುವಿಗೆ ಸವರಿ ಉಜ್ಜುತ್ತಾರೆ. ನೋಡುತ್ತಿದ್ದಂತೆಯೇ ಮೈಯೆಲ್ಲ ಕಾಡಿಗೆಯಂತೆ ಕಪ್ಪಾಯಿತು. ಬೆಳ್ಳಿಯನ್ನು ಮಾತ್ರ ಆ ಕಪ್ಪು ಮುಟ್ಟಲಿಲ್ಲ. ಮಾಯವಾಗಿದ್ದ ಬಳ್ಳಿ ಎಲೆ ಎಲೆಯಾಗಿ ಮೇಲೆದ್ದು ಬಂತು. ಆಮೇಲೆ ಎಣ್ಣೆಯ ಬಟ್ಟೆಯಲ್ಲಿ ಒರೆಸಿದರೆ ಕಪ್ಪು ಇನ್ನಷ್ಟು ಆಳಕ್ಕಿಳಿಯುತ್ತದೆ.

ಇದರ ಹಿಂದಿನ ರಸಾಯನ ಈಗ ಸಾಕಷ್ಟು ಅರ್ಥವಾಗಿದೆ. ನವಸಾಗರ ಮತ್ತು ಮಣ್ಣಿನ ಲವಣಗಳು ಮೇಲ್ಮೈಯ ಸತುವನ್ನು ತಿಂದುಹಾಕುತ್ತವೆ. ಉಳಿದ ತಾಮ್ರದ ಅಂಶದಿಂದ ಆ ಕಪ್ಪು ಪೊರೆ ಕಟ್ಟುತ್ತದೆ. ಬರಿಯ ಸತು ಹೀಗೆ ಕಪ್ಪಾಗದು, ಆ ಒಂದು ಪಾಲು ತಾಮ್ರ ಬೇಕೇ ಬೇಕು. ಹಳೆಯ ಗೋಡೆಗಳ ಬುಡದ ಮಣ್ಣಿನಲ್ಲಿ ಪೆಟ್ಲುಪ್ಪಿನ ಜಾತಿಯ ಲವಣಗಳು ಸೇರಿಕೊಳ್ಳುವುದು ಹೊಸ ವಿಷಯವೇನಲ್ಲ. ಮಳೆ ಬಿದ್ದರೆ ಅವು ಕರಗಿ ಹರಿದುಹೋಗುತ್ತವೆ. ಮಳೆ ತಾಗದ ಮಣ್ಣೇ ಬೇಕೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ. ಹಿಂದೆ ಲಖನೌ, ಬಿಹಾರದ ಪೂರ್ಣಿಯಾ, ಹೈದರಾಬಾದುಗಳಲ್ಲೂ ಬಿದರಿ ಕೆಲಸ ನಡೆಯುತ್ತಿತ್ತು, ಅಲ್ಲಿಯವರು ತಮ್ಮದೇ ರೀತಿಯಲ್ಲಿ ಕಪ್ಪು ಮಾಡಿಕೊಳ್ಳುತ್ತಿದ್ದರು. ಹಾಗಾಗಿ ಈ ಮಣ್ಣಿಲ್ಲದೆ ಬಿದರಿಯೇ ಇಲ್ಲ ಎನ್ನಲಾಗದು. ಆದರೆ ಯಾವ ಮೂಲೆಯ ಮಣ್ಣು ಎಂದು ನಾಲಗೆಯಿಂದ ಗುರುತಿಸುವ ಅರಿವು ಈ ಊರಿನದೇ, ತಲೆಮಾರಿನಿಂದ ತಲೆಮಾರಿಗೆ ಬಾಯಲ್ಲೇ ದಾಟಿ ಬಂದದ್ದು.

ಆ ಮಧ್ಯಾಹ್ನದ ನಂತರ ಕೋಟೆಯೊಳಗಿನ ರಂಗೀನ್ ಮಹಲ್ ನೋಡಿದೆ. ಅಲ್ಲಿ ಕಪ್ಪು ಶಿಲೆಯಲ್ಲಿ ಮುತ್ತಿನ ಚಿಪ್ಪಿನ ಚೂರುಗಳನ್ನು ಹೂಬಳ್ಳಿಯಾಗಿ ಕೂರಿಸಿದ್ದಾರೆ, ಬಹಮನಿಗಳ ನಂತರ ಬೀದರನ್ನು ಆಳಿದ ಬರೀದ್ ಶಾಹಿಗಳ ಕಾಲದ ಕೆಲಸ. ಕರಿಯ ಮೈ, ಅದರೊಳಗೆ ಹೊಳೆಯುವ ಬಿಳಿ. ಈ ಊರಿನ ಕಣ್ಣಿಗೆ ಆ ಜೋಡಿ ಎಷ್ಟು ಹಿಂದಿನಿಂದಲೂ ಒಗ್ಗಿದೆ ಎಂದು ಅಲ್ಲಿ ನಿಂತಾಗ ಅನ್ನಿಸಿತು.

ಬಿದರಿಯ ಮೂಲವನ್ನು ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಕಾಲಕ್ಕೆ, ಅಂದರೆ ಕಲಬುರಗಿಯಿಂದ ಬೀದರಿಗೆ ರಾಜಧಾನಿ ಬಂದ 15ನೇ ಶತಮಾನಕ್ಕೆ ಒಯ್ಯುತ್ತಾರೆ. ಇರಾನಿನಿಂದ ಬಂದ ಅಬ್ದುಲ್ಲಾ ಬಿನ್ ಕೈಸರ್ ಎಂಬ ಕುಶಲಕರ್ಮಿ ಇಲ್ಲಿಯವರ ಜೊತೆ ಸೇರಿ ಇದನ್ನು ರೂಪಿಸಿದ ಎಂಬ ಕಥೆ ಓಣಿಯ ಮಕ್ಕಳಿಗೂ ಗೊತ್ತು. ನನಗೆ ಹೆಚ್ಚು ಮುಖ್ಯವೆನಿಸುವುದು ಅದರ ನಂತರದ ಕಥೆ. ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ನಿನಲ್ಲಿ, ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹದಲ್ಲಿ ಇರುವ ಹಳೆಯ ಬಿದರಿಗಳನ್ನು ನೋಡಿ. ಹುಕ್ಕಾದ ಬುಡ, ಪಾನ್‌ದಾನ್, ನೀರಿನ ಹೂಜಿ, ಕೈತೊಳೆಯುವ ಬೋಗುಣಿ, ತಟ್ಟೆ. ಎಲ್ಲವೂ ದಿನಬಳಕೆಯವು. ಅಕ್ಬರನ ಕಡೆಯಿಂದ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ 1604ರ ಸುಮಾರಿಗೆ ಹಿಂತಿರುಗುವಾಗ ತಂಬಾಕನ್ನೂ ಹುಕ್ಕಾವನ್ನೂ ಒಯ್ದು ಬಾದಶಹನ ಮುಂದಿಟ್ಟ. ದಖ್ಖನಿನ ಬಂದರುಗಳಿಗೆ ಪೋರ್ಚುಗೀಸರು ತಂದಿಳಿಸಿದ ಒಂದು ಎಲೆ ಇಡೀ ದೇಶದ ಚಟವಾಯಿತು. ಹುಕ್ಕಾಕ್ಕೆ ನೀರು ತುಂಬುವ ಬುಡ ಬೇಕು, ಅದು ಉರುಳಬಾರದು, ತೂಕವಿರಬೇಕು. ಬಿದರಿಯ ಭಾರ ಅದಕ್ಕೆ ಹೇಳಿ ಮಾಡಿಸಿದ ಗುಣ. ಮುಂದಿನ ಎರಡು ನೂರು ವರ್ಷಕ್ಕೂ ಹೆಚ್ಚು ಕಾಲ ಹುಕ್ಕಾ ಮತ್ತು ವೀಳ್ಯ ಈ ಕುಲುಮೆಗಳನ್ನು ಉರಿಸಿದವು.

ಹುಕ್ಕಾ ಹೋಯಿತು, ನವಾಬರು ಹೋದರು. ಬೀದರು ನಿಜಾಮನ ಸೀಮೆಯಿಂದ 1956ರಲ್ಲಿ ನಮ್ಮ ರಾಜ್ಯಕ್ಕೆ ಬಂತು. ಬಿದರಿಗೆ ಸರ್ಕಾರದ ಮನ್ನಣೆ ಸಿಕ್ಕಿದೆ, ಅದು ಸಣ್ಣ ಮಾತೂ ಅಲ್ಲ. ಈ ಹೆಸರು ಈ ಸೀಮೆಯ ಕೆಲಸಕ್ಕೇ ಸೇರಿದ್ದು ಎನ್ನುವ ಭೌಗೋಳಿಕ ಸೂಚಕದ (ಜಿಐ) ನೋಂದಣಿ 2005-06ರಲ್ಲೇ ಆಯಿತು. 2011ರ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಕರ್ನಾಟಕದ ಸ್ತಬ್ಧಚಿತ್ರವೇ ಬಿದರಿಯಾಗಿತ್ತು. 2023ರಲ್ಲಿ ಬೀದರಿನ ಹಿರಿಯ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಓಣಿಯಲ್ಲಿ ಆ ಪ್ರಶಸ್ತಿಯ ಮಾತು ಬಂದಾಗ ಎಲ್ಲರ ಮುಖ ಅರಳುವುದನ್ನು ಕಂಡಿದ್ದೇನೆ, ತಮ್ಮ ಮನೆಗೇ ಬಂದ ಹಾಗೆ. ಆದರೆ ಬಳಕೆ ಹೋದ ಜಾಗದಲ್ಲಿ ನೆನಪಿನ ಕಾಣಿಕೆ ಬಂದು ಕೂತಿದೆ. ಅಲ್ಲಿಗೇ ನನ್ನ ಸಂಕಟ.

ಕಾಣಿಕೆ ಕೊಡುವವರಿಗೆ ಬೇಕಾದದ್ದು ಒಂದೇ ಅಳತೆಯ, ಒಂದೇ ದರದ, ಒಂದೇ ಥರದ ನೂರು ತಟ್ಟೆ. ನಡುವೆ ಸಂಸ್ಥೆಯ ಲಾಂಛನ, ಅಂಚಿಗೆ ಒಂದು ಬಳ್ಳಿ. ಅದೂ ಸಮಾರಂಭದ ಹಿಂದಿನ ದಿನ ಕೈಗೆ ಸಿಗಬೇಕು. ಇದು ಅನ್ನ ಕೊಡುತ್ತದೆ ಎಂಬುದನ್ನು ಉಸ್ತಾದರೇ ಒಪ್ಪಿದರು. ಸೀಸನ್ನಿನಲ್ಲಿ ಇಂಥ ಆರ್ಡರು ಬರದಿದ್ದರೆ ಹುಡುಗರಿಗೆ ಸಂಬಳ ಕೊಡುವುದು ಕಷ್ಟ. ಆದರೆ ಆಫ್ತಾಬಿ ಕೆಲಸ ಗೊತ್ತಿರುವ ಕೈಗೆ ವರ್ಷವಿಡೀ ಲಾಂಛನ ಕೆತ್ತುವ ಕೆಲಸ ಬಂದರೆ, ಆಫ್ತಾಬಿಯನ್ನು ಮುಂದಿನ ಹುಡುಗ ಕಲಿಯುವುದು ಯಾವಾಗ? ಕಪಾಟಿನ ಮೇಲಿನ ಸಾಲಿನಲ್ಲಿದ್ದ ಒಂದು ಸುರಾಯಿಯನ್ನು ಕೆಳಗಿಳಿಸಿ ತೋರಿಸಿದರು. ಕತ್ತಿನಿಂದ ಬುಡದವರೆಗೆ ಒಂದೇ ಒಂದು ಬೆರಳಗಲ ಖಾಲಿ ಜಾಗವಿಲ್ಲದ ಜಾಲದ ಕೆಲಸ. "ಇದು ಮಾರಾಟಕ್ಕಿಲ್ರಿ. ಹುಡುಗರಿಗಿ ತೋರಸ್ಲಕ್ ಇಟ್ಟೀನಿ," ಎಂದರು.

ಕೊಳ್ಳುವವರು ಬಂದರೆ ಮೊದಲ ಪ್ರಶ್ನೆ, ಇದರಲ್ಲಿ ಬೆಳ್ಳಿ ಎಷ್ಟು ಗ್ರಾಂ ಇದೆ ಎಂಬುದಂತೆ. ನಾನು ಕೂತಿದ್ದಾಗಲೇ ಒಬ್ಬರು ಬಂದು ಕೇಳಿದರು. ಬೆಳ್ಳಿಯ ತೂಕ ಲೆಕ್ಕ ಹಾಕಿ, ಉಳಿದದ್ದು ಬರೀ ಸತು ತಾನೆ, ಇಷ್ಟೇಕೆ ಬೆಲೆ ಎಂದರು. ಕೆತ್ತಿದ ದಿನಗಳನ್ನು ಅವರ ಲೆಕ್ಕ ಹಿಡಿಯಲೇ ಇಲ್ಲ. ಕೆಲವು ವರ್ಷಗಳಿಂದ ಬೆಳ್ಳಿಯ ದರ ಏರುತ್ತಲೇ ಇರುವುದರಿಂದ ಕಷ್ಟ ಇಮ್ಮಡಿಯಾಗಿದೆ. ಕಚ್ಚಾ ಮಾಲಿನ ಖರ್ಚು ಹೆಚ್ಚಾದಷ್ಟು ಬೆಲೆ ಏರಿಸಲಾಗದು. ಕೊನೆಗೆ ಕುಗ್ಗುವುದು ತಂತಿಯ ದಪ್ಪ, ಇಲ್ಲವೇ ಮಾಡಿದವರ ಕೂಲಿ. ಅರ ಹಾಕುವವರು, ಕೆತ್ತುವವರು, ಬೆಳ್ಳಿ ಕೂರಿಸುವವರು ಬೇರೆ ಬೇರೆ ಜನ. ತಂತಿ ಕೂರಿಸುವ ಕೆಲಸವನ್ನು ಮನೆಗೆ ಒಯ್ದು ಮಾಡುವ ಹೆಣ್ಣುಮಕ್ಕಳೂ ಇದ್ದಾರೆ. ಅವರ ಮನೆಯವರೆಗೆ ಕೊಳ್ಳುವವರು ಹೋಗುವುದು ತೀರಾ ಅಪರೂಪ.

ಹೀಗಾಗಿ ಬಿದರಿ ಕೊಳ್ಳುವ ಮನಸ್ಸಿರುವವರಿಗೆ ನಾನು ಹೇಳುವುದಿಷ್ಟು. ಬೀದರಿಗೆ ಹೋಗುವುದು ಈಗ ಮೊದಲಿನಷ್ಟು ತ್ರಾಸಿಲ್ಲ, 2017ರಲ್ಲಿ ಕಲಬುರಗಿಯಿಂದ ರೈಲು ಮಾರ್ಗವೂ ತೆರೆಯಿತು. ಹೋದಾಗ ಕೋಟೆಗೆ ಒಂದು ಹೊತ್ತು ಕೊಟ್ಟರೆ ಓಣಿಗೂ ಒಂದು ಹೊತ್ತು ಕೊಡಿ. ಬೆರಳಿನ ತುದಿಯನ್ನು ಬೆಳ್ಳಿಯಿಂದ ಕಪ್ಪಿಗೆ, ಕಪ್ಪಿನಿಂದ ಬೆಳ್ಳಿಗೆ ಸರಿಸಿ ನೋಡಿ. ತಾರಕಶಿಯಲ್ಲಿ ಎಲ್ಲೂ ತಡೆಯಬಾರದು. ಕೈಯಲ್ಲಿ ಹಿಡಿದು ತೂಕ ನೋಡಿ, ಬಿದರಿಯೆಂದು ತೋರಿಸುವ ಬಣ್ಣ ಬಳಿದ ಅಲ್ಯೂಮಿನಿಯಂ ಹಗುರ ಇರುತ್ತದೆ, ಅಂಚಿನಲ್ಲಿ ಬಣ್ಣ ಏಳುತ್ತದೆ. ಇದನ್ನು ಕೆತ್ತಿದವರು ಯಾರು ಎಂದು ಕೇಳಿ. ಒಳಗೆ ಕೂತಿದ್ದರೆ ಅವರೇ ಕೈಯೆತ್ತುತ್ತಾರೆ, ಆ ಖುಷಿಯನ್ನು ನೋಡಬೇಕು. ಮನೆಗೆ ತಂದ ಮೇಲೆ ಹಿತ್ತಾಳೆಯ ಹಾಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ, ಹುಳಿ ತಾಗಿದರೆ ಕಪ್ಪು ಹೊರಟುಹೋಗುತ್ತದೆ. ಮೆತ್ತನೆ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಸಾಕು. ಸತುವಿನ ಮಿಶ್ರಲೋಹ ಪೆಡಸು, ಎತ್ತರದಿಂದ ಬಿದ್ದರೆ ಒಡೆಯಬಹುದು. ಇದೇ ಕಾರಣಕ್ಕೆ ಹಲವರು ಮುಟ್ಟಲು ಹೆದರುತ್ತಾರೆ. ನಾವು ಗಾಜಿನ ಲೋಟವನ್ನೂ ಪಿಂಗಾಣಿ ಬಸಿಯನ್ನೂ ದಿನವೂ ಬಳಸುತ್ತೇವಲ್ಲ?

ಮತ್ತು ದಯವಿಟ್ಟು ಬಳಸುವಂಥದ್ದನ್ನು ಕೇಳಿ ಮಾಡಿಸಿ. ಓಲೆ, ಪದಕ, ಪೆನ್ನು, ಪೆನ್ ಡ್ರೈವಿನ ಕವಚದವರೆಗೂ ಬಿದರಿಯವರು ಈಗ ಮಾಡುತ್ತಿದ್ದಾರೆ. ಮೇಜಿನ ಮೇಲಿನ ಕಾಗದದ ಭಾರ, ಬಾಗಿಲಿನ ಹಿಡಿಕೆ, ಕೀಲಿಕೈ ಹಾಕಿಡುವ ಬಟ್ಟಲು, ಕುಂಕುಮದ ಭರಣಿ, ಏನು ಬೇಕಾದರೂ ಆಗಬಹುದು. ಅನ್ನ ಸಾರು ಹಾಕಿ ಉಣ್ಣುವ ತಟ್ಟೆಯಾಗಿ ಮಾತ್ರ ಇದು ಆಗದು.

ನಾನು ಮಾಡಿಸಿದ್ದು ಅಮ್ಮನಿಗೆ ಎಲೆ ಅಡಿಕೆಯ ಡಬ್ಬಿ. ಊಟವಾದ ಮೇಲೆ ಒಂದು ಎಲೆ ಹಾಕಿಕೊಳ್ಳದೆ ಅಮ್ಮನಿಗೆ ದಿನ ಮುಗಿಯುವುದಿಲ್ಲ. ಎಷ್ಟೋ ವರ್ಷಗಳಿಂದ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲೇ ಅವರ ಸಂಸಾರ ಸಾಗುತ್ತಿತ್ತು. ನಾನು ಹೇಳಿದ ಅಳತೆಯನ್ನು ಉಸ್ತಾದರು ಒಪ್ಪಲಿಲ್ಲ. ಎಲೆ ಮಡಚಿ ಇಡುತ್ತಾರೋ ಹಾಗೆಯೇ ಇಡುತ್ತಾರೋ, ಕೂತು ಹಾಕಿಕೊಳ್ಳುತ್ತಾರೋ ಓಡಾಡುತ್ತಲೋ, ಕೈಬೆರಳು ನೋವಿದೆಯೋ ಎಂದೆಲ್ಲ ಕೇಳಿದರು. ನನಗೆ ಉತ್ತರ ಗೊತ್ತಿಲ್ಲದ್ದಕ್ಕೆ ಅಲ್ಲಿಂದಲೇ ಅಮ್ಮನಿಗೆ ಫೋನು ಹಚ್ಚಿ ಕೊಟ್ಟೆ. ಅವರ ಬೀದರಿನ ಕನ್ನಡ, ಅಮ್ಮನ ದಾವಣಗೆರೆಯ ಕನ್ನಡ ಸೇರಿ ಬಹಳ ಹೊತ್ತು ಮಾತಾಯಿತು. ಸುಣ್ಣ ಸತುವನ್ನು ತಿನ್ನುತ್ತದೆ, ಅದಕ್ಕಾಗಿ ಸುಣ್ಣದ ಕರಡಿಗೆ ಮಾತ್ರ ಸ್ಟೀಲಿನದೇ ಇರಲಿ, ಅದಕ್ಕೆ ಸರಿಯಾಗಿ ಒಳಗೊಂದು ಮನೆ ಬಿಡುತ್ತೇನೆ ಎಂದರು. ಮುಚ್ಚಳದ ಮೇಲೆ ಏನು ಬಿಡಿಸಲಿ ಎಂದಾಗ ಅಮ್ಮ ವೀಳ್ಯದೆಲೆಯ ಬಳ್ಳಿ ಎಂದರು. ಅಂಥದ್ದನ್ನು ಈವರೆಗೆ ಯಾರೂ ಕೇಳಿಲ್ಲ, ಆದರೆ ಎಲೆ ಗೊತ್ತಿರುವುದೇ ಅಲ್ಲವೇ ಎಂದು ಉಸ್ತಾದರು ಅಲ್ಲೇ ಒಂದು ಸತುವಿನ ಚೂರಿನ ಮೇಲೆ ಗೀರತೊಡಗಿದರು.

ಡಬ್ಬಿ ಬಂತು. ಅಮ್ಮ ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಕೈಗೆ ಸಿಗುವ ಹಾಗೆ ಇಟ್ಟುಕೊಂಡಿದ್ದಾರೆ. ಮುಚ್ಚಳದ ಹಿಡಿಯ ಸುತ್ತ ಕಪ್ಪು ಈಗ ಬೇರೆ ಕಡೆಗಿಂತ ಹೆಚ್ಚು ನುಣುಪಾಗಿದೆ. ಒಂದು ದೂರಿದೆ: ಮುಚ್ಚಳ ಬಿಗಿ, ಒಂದೇ ಕೈಯಲ್ಲಿ ತೆರೆಯಲು ಬರುವುದಿಲ್ಲ. ಅದನ್ನು ಅಮ್ಮನೇ ಉಸ್ತಾದರಿಗೆ ಫೋನಿನಲ್ಲಿ ಹೇಳಿದರು. ಅವರು ಬೇಸರಪಡಲಿಲ್ಲ. ಹಿಡಿಯನ್ನು ಸ್ವಲ್ಪ ಎತ್ತರ ಮಾಡಿ, ಅಂಚನ್ನು ಕೂದಲೆಳೆಯಷ್ಟು ಸಡಿಲಿಸಿದರೆ ಸರಿಹೋಗುತ್ತದೆ, ಮುಂದಿನದರಲ್ಲಿ ಹಾಗೇ ಮಾಡುತ್ತೇನೆ ಎಂದರಂತೆ. ಮುಂದಿನದು ನನ್ನ ದೊಡ್ಡಮ್ಮನಿಗೆ, ಆರ್ಡರು ಕೊಟ್ಟದ್ದು ಅಮ್ಮನೇ. ಬಳ್ಳಿ ಬೇಡ, ಅಡಿಕೆ ಗೊನೆ ಇರಲಿ ಎಂದು ಹೇಳಿದ್ದಾರೆ. ಉಸ್ತಾದರು ಅಡಿಕೆ ಗೊನೆಯನ್ನು ಹತ್ತಿರದಿಂದ ನೋಡಿಲ್ಲವಂತೆ, ತೋಟದಲ್ಲಿ ನಿಂತು ತೆಗೆದ ಫೋಟೊಗಳನ್ನು ಈ ವಾರ ಕಳಿಸಬೇಕು.